ತೊಟ್ಟಿಲ ದಾರ ಮತ್ತು ನನ್ನ ಕಿವಿ

ನನ್ನ ಕಿವಿ ಮಂದವಾಗಿದೆ ಎಂದು ಮೊದಲು ಗೊತ್ತಾದದ್ದು ಕರೆಂಟು ಹೋದ ಒಂದು ಮಧ್ಯಾಹ್ನ. ಬನಹಟ್ಟಿಯಲ್ಲಿ ಕರೆಂಟು ಹೋಗುವುದೇನು ಹೊಸದಲ್ಲ. ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ, ಹಿಂದಿನ ಎರಡು ಕೋಣೆಗಳಲ್ಲಿ ನಾವಿದ್ದೇವೆ. ಕರೆಂಟು ಹೋದರೆ ನಾಲ್ಕೂ ಒಮ್ಮೆಗೇ ನಿಲ್ಲುತ್ತವೆ. ನಮ್ಮವಷ್ಟೇ ಅಲ್ಲ, ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ಆಗ ನಮ್ಮ ಮಂದಿ ಮಾತಿಗೆ ಬೀಳುತ್ತಾರೆ. ಬೆಳಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಕರೆಂಟು ಬರುವುದರೊಳಗೆ ಆಡಿ ಮುಗಿಸಬೇಕು.

ಆ ದಿನ ನನ್ನ ಗಂಡ ಈರಪ್ಪ ಆಚೆಯ ಮಗ್ಗಕ್ಕೆ ಬಗ್ಗಿ ಹರಿದ ಎಳೆಗಳನ್ನು ಕಟ್ಟುತ್ತಿದ್ದ. ಅವನ ಬೆನ್ನು ನನ್ನ ಕಡೆ ಇತ್ತು. ನಾನು ಈಚೆ ಕೂತು ನೂಲಿನ ಕಂಡಿಕೆಗಳನ್ನು ಬುಟ್ಟಿಗೆ ತುಂಬುತ್ತಿದ್ದೆ. ಅವನ ಭುಜ ಅಲುಗಿದ್ದು ಕಂಡಿತು. ಏನೋ ಅಂದ ಎಂದು ತಿಳಿದು ರೂಢಿಯಂತೆ "ಹೂಂ" ಅಂದೆ. ಅವನು ತಿರುಗಿ ನನ್ನ ಮುಖವನ್ನೇ ನೋಡಿದ.

"ಹೂಂ ಅಂದ್ರ ಆತೇನು? ಅಜ್ಜಿ ಆಗಾಕತ್ತಿ, ಬರೇ ಹೂಂ ಅಂತೀಯಲ್ಲ."

ಮುಧೋಳಕ್ಕೆ ಕೊಟ್ಟ ನನ್ನ ಮಗಳು ಸವಿತಾ ಫೋನ್ ಮಾಡಿದ್ದಳಂತೆ. ಮೂರು ತಿಂಗಳಂತೆ. ಮದುವೆಯಾಗಿ ಎರಡು ವರ್ಷ ಕಾದ ಸುದ್ದಿ. ಮಗ್ಗ ನಿಂತ ಮನೆಯಲ್ಲಿ, ಎಂಟು ಮಾರು ದೂರವೂ ಇಲ್ಲದ ಜಾಗದಿಂದ ಹೇಳಿದ ಆ ಸುದ್ದಿ ನನ್ನ ಕಿವಿಗೆ ಬಂದೇ ಇರಲಿಲ್ಲ. "ಕೇಳಿಸ್ತ್ರೀ, ಖುಷಿಗೆ ಬಾಯಾಗ ಮಾತ ಬರಲಿಲ್ಲ" ಅಂದೆ. ಅದು ನನ್ನ ಮೊದಲನೆಯ ಸುಳ್ಳು.

ಇಷ್ಟು ದಿನ ಗೊತ್ತಾಗದೆ ಹೋದದ್ದು ಹೇಗೆ ಎಂದು ಬೇರೆ ಊರಿನವರು ಕೇಳಬಹುದು. ಮಗ್ಗದ ಮನೆಯಲ್ಲಿ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ. ನಾಲ್ಕು ಮಗ್ಗ ಓಡುತ್ತಿರುವಾಗ ಕಿವಿಯ ಹತ್ತಿರ ಬಂದು ಒದರಿದರೂ ಅಷ್ಟೆ. ನಾವು ತುಟಿ ನೋಡುತ್ತೇವೆ, ಕೈ ನೋಡುತ್ತೇವೆ, ಹುಬ್ಬು ನೋಡುತ್ತೇವೆ. ಎರಡು ಬೆರಳು ಹೊಸೆದರೆ ಎಳೆ ಹರಿದಿದೆ ಎಂದು, ಬಾಯಿಗೆ ಹೆಬ್ಬೆರಳು ಹಚ್ಚಿದರೆ ಚಹಾ ಎಂದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆ ಕಡೆಯ ಮಗ್ಗದಿಂದ ನನ್ನನ್ನು ಬೈಯುವುದನ್ನು ತುಟಿಯಲ್ಲೇ ಓದಿ, ಈ ಕಡೆಯಿಂದ ತುಟಿ ಮುಚ್ಚಿಕೊಂಡು ಉತ್ತರ ಕೊಟ್ಟವಳು ನಾನು. ಹಾಗಾಗಿ ಕಿವಿ ಯಾವಾಗ ಕೈಬಿಟ್ಟಿತೋ ನನಗೆ ತಿಳಿಯಲೇ ಇಲ್ಲ.

ನಮ್ಮಲ್ಲಿ ಕೂಸಿನ ಅಳುವನ್ನು ಸಹ ಕಿವಿಗೆ ಬಿಡುವುದಿಲ್ಲ. ಸವಿತಾ ತೊಟ್ಟಿಲಲ್ಲಿದ್ದಾಗ ತೊಟ್ಟಿಲಿಗೆ ಒಂದು ದಾರ ಕಟ್ಟಿ, ಅದರ ಇನ್ನೊಂದು ತುದಿಯನ್ನು ನನ್ನ ಕಾಲ್ಬೆರಳಿಗೆ ಸುತ್ತಿಕೊಂಡು ಮಗ್ಗದ ಮುಂದೆ ನಿಲ್ಲುತ್ತಿದ್ದೆ. ಕೂಸು ಮಿಸುಕಿದರೆ ದಾರ ಜಗ್ಗುತ್ತಿತ್ತು. ಮಗ್ಗ ನಿಲ್ಲಿಸಿ ಓಡುತ್ತಿದ್ದೆ. ನನ್ನ ಅತ್ತೆ ಹಾಗೆಯೇ ಮಾಡಿದ್ದರು, ಓಣಿಯ ಎಲ್ಲರೂ ಹಾಗೆಯೇ ಮಾಡಿದ್ದರು.

ಸುದ್ದಿ ತಪ್ಪಿಸಿಕೊಂಡ ಆ ದಿನ ನನಗೆ ನೆನಪಾದದ್ದು ನನ್ನ ಸೋದರತ್ತೆ. ರಬಕವಿಯವರು. ಅವರ ಹೆಸರು ಕಾಶವ್ವ, ಆದರೆ ಕೊನೆಕೊನೆಗೆ ಎಲ್ಲರಿಗೂ ಕೆಪ್ಪವ್ವ. ಅವರು ಮೂಲೆಯಲ್ಲಿ ಕೂತು ಬೇರೆಯವರು ನಕ್ಕಾಗ ನಗುತ್ತಿದ್ದರು, ಸ್ವಲ್ಪ ತಡವಾಗಿ. ಸವಿತಾ ಎಂಟು ತಿಂಗಳ ಕೂಸಾಗಿದ್ದಾಗ ಅವರು ಎತ್ತಿಕೊಳ್ಳಲು ಕೈ ಚಾಚಿದರು. ನಾನು ಕೊಟ್ಟೆ. ಮರುಗಳಿಗೆಯಲ್ಲೇ ವಾಪಸು ಇಸಿದುಕೊಂಡೆ. ಪಕ್ಕದವರಿಗೆ ಹೇಳಿದೆ, "ಅಕಿ ಕೈಯಾಗ ಕೂಸು ಕೊಡಬಾರದ್ರಿ, ಅತ್ರ ಕೇಳಂಗಿಲ್ಲ ಅಕಿಗೆ." ಅವರಿಗೆ ಕೇಳಿಸುವುದಿಲ್ಲವೆಂದು ಅವರ ಮುಂದೆಯೇ ಹೇಳಿದೆ. ಆದರೆ ಅವರೂ ಮಗ್ಗದ ಮನೆಯವರೇ. ನನ್ನ ತುಟಿ ನೋಡಿದ್ದರು. ಕೈಯನ್ನು ಮಡಿಲಿಗೆ ಎಳೆದುಕೊಂಡರು. ಇಪ್ಪತ್ತು ವರ್ಷದ ಮೇಲೆ ಆ ಕೈ ನನಗೆ ಕಾಣತೊಡಗಿತು.

ನಮ್ಮಲ್ಲಿ ಚೊಚ್ಚಲ ಹೆರಿಗೆ, ಬಾಣಂತನ ತವರುಮನೆಯಲ್ಲೇ ಆಗಬೇಕು. ಆರು ತಿಂಗಳಲ್ಲಿ ಸವಿತಾ ಬರುತ್ತಾಳೆ, ಕೂಸು ಬರುತ್ತದೆ, ಅದು ಅತ್ತರೆ ನನಗೆ ಕೇಳದೆ ಹೋದರೆ? ಮೂಗಿಗೆ ಬಟ್ಟೆ ಬಿದ್ದು ಸಣ್ಣಗೆ ಮುಲುಗಿದರೆ? ಆ ಪ್ರಶ್ನೆ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಬರುತ್ತಿತ್ತು, ಕಸ ಹೊಡೆಯುವಾಗ ಬರುತ್ತಿತ್ತು. ನನ್ನ ಕೈಯಲ್ಲಿ ಕೂಸು ಕೊಡುವುದಿಲ್ಲ ಎಂಬ ಮಾತನ್ನು ನನ್ನ ಮಗಳ ತುಟಿಯಲ್ಲಿ ಓದಬೇಕಾಗುತ್ತದೆ ಎಂದು ಅಂಜಿದೆ.

ಯಾರಿಗೂ ಹೇಳಲಿಲ್ಲ. ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುವ ಹುಚ್ಚು ಹಿಡಿಯಿತು. ಗೋಡೆ ಗಡಿಯಾರದ ಕೆಳಗೆ ನಿಂತು ಟಿಕ್‌ಟಿಕ್ ಕೇಳಲು ನೋಡುವೆ. ಕೇಳುತ್ತಿರಲಿಲ್ಲ. ಸ್ಟೂಲ್ ಹತ್ತಿ ಕಿವಿ ಹಚ್ಚಿದರೆ ಕೇಳುತ್ತಿತ್ತು. ಬೆನ್ನ ಹಿಂದೆ ಚಮಚ ಬೀಳಿಸುವೆ, ಅದು ಕೇಳುತ್ತಿತ್ತು, ಸಮಾಧಾನವಾಗುತ್ತಿತ್ತು. ಮರುದಿನ ಕುಕ್ಕರಿನ ಸೀಟಿ ಲೆಕ್ಕ ತಪ್ಪಿ ಬೇಳೆ ಗಂಜಿಯಾಗುತ್ತಿತ್ತು. ಈರಪ್ಪ ಮಾತಿಲ್ಲದೆ ಆ ಗಂಜಿ ಉಂಡ. ಅವನು ಮಾತಿಲ್ಲದೆ ಉಂಡದ್ದಕ್ಕೂ ನನಗೆ ಸಿಟ್ಟು ಬಂತು.

ಅಷ್ಟರಲ್ಲಿ ನಮ್ಮ ಓಣಿಯ ಶಾಲೆಯಲ್ಲಿ ಕಿವಿ ತಪಾಸಣೆಯ ಶಿಬಿರ ಹಾಕಿದರು. ಪುಗಸಟ್ಟೆ ಎಂದು ಈರಪ್ಪ ತಾನೂ ಹೊರಟ, ನನ್ನನ್ನೂ ಹೊರಡಿಸಿದ. ಬರುವುದಿಲ್ಲ ಅಂದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡಂತೆ ಆಗುತ್ತದೆ ಎಂದು ಹೋದೆ.

ಎರಡನೇ ಇಯತ್ತೆಯ ಕೋಣೆ. ಸಣ್ಣ ಮಕ್ಕಳ ಬೆಂಚಿನ ಮೇಲೆ ಮಂದಿಯೆಲ್ಲ ಮೊಣಕಾಲು ಎದೆಗೆ ಹಚ್ಚಿ ಕೂತಿದ್ದರು. ಒಬ್ಬ ಹುಡುಗಿ ಮೇಜಿನ ಆ ಕಡೆ ಡಬ್ಬಿಯೊಂದನ್ನು ಇಟ್ಟುಕೊಂಡು ಕೂತಿದ್ದಳು. ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಸಪ್ಪಳ ಬಂದಾಗ ಬಟ್ಟು ಎತ್ರಿ" ಅಂದಳು. ನಾನು ಅವಳ ಎದುರಿಗೆ ಕೂತೆ. ಪಾಪ, ಅವಳು ಬಲು ಪ್ರಾಮಾಣಿಕ ಹುಡುಗಿ. ಗುಂಡಿ ಒತ್ತುವ ಪ್ರತಿ ಸಲವೂ ಅವಳ ಗದ್ದ ಒಂದು ಕಾಳಿನಷ್ಟು ಕೆಳಗಿಳಿಯುತ್ತಿತ್ತು. ನನಗೆ ಅಷ್ಟು ಸಾಕಿತ್ತು. ಹತ್ತು ಮಾರು ಆಚೆಯ ಮಗ್ಗದವಳ ಹುಬ್ಬು ಓದುವವಳಿಗೆ ಎರಡು ಅಡಿ ಆಚೆಯ ಗದ್ದ ಯಾವ ಮಹಾ. ಅವಳ ಗದ್ದ ಇಳಿದಾಗಲೆಲ್ಲ ನನ್ನ ಬೆರಳು ಎದ್ದಿತು.

"ವಯಸ್ಸಿಗೆ ಕಿವಿ ಭಾಳ ಛಲೋ ಅದಾವ್ರಿ ಇವರದು" ಎಂದು ಆಕೆ ಈರಪ್ಪನಿಗೆ ಹೇಳಿದಳು. ಈರಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. ಅವನ ಕಿವಿಯೇ ನನಗಿಂತ ಕಡಿಮೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ನಾನು ಬೇಕೆಂದೇ ಮೋಸ ಮಾಡಿದೆನೇ? ಅರ್ಧ ಹೌದು, ಅರ್ಧ ಇಲ್ಲ. ಬೆರಳು ತಾನೇ ಎದ್ದಿತು, ನಾನು ತಡೆಯಲಿಲ್ಲ. ಮನೆಗೆ ಬಂದ ಮೇಲೆ ಹೆದರಿಕೆ ಇಮ್ಮಡಿಯಾಯಿತು. ಕಿವಿ ಸರಿಯಿದ್ದರೆ ಈರಪ್ಪನ ಮಾತು ಯಾಕೆ ಕೇಳುವುದಿಲ್ಲ? ತಲೆಯಲ್ಲೇ ಏನಾದರೂ ಆಗಿದೆಯೇ? ಕಿವಿ ಸರಿಯಿಲ್ಲದಿದ್ದರೆ ಚೀಟಿ ಯಾಕೆ ಸರಿಯಿದೆ ಅನ್ನುತ್ತದೆ? ಆ ಚೀಟಿ ನಾನೇ ಬರೆಸಿಕೊಂಡದ್ದು ಎಂದು ಗೊತ್ತಿದ್ದೂ ಅದನ್ನು ದೇವರ ಫೋಟೋದ ಹಿಂದೆ ಇಟ್ಟು ಆಗಾಗ ತೆಗೆದು ಓದುತ್ತಿದ್ದೆ.

ಏಳನೇ ತಿಂಗಳಲ್ಲಿ ಮುಧೋಳದಲ್ಲಿ ಸವಿತಾಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ತಿಂಡಿ ಹೊತ್ತು ಹೋದೆವು. ಮನೆ ತುಂಬ ಹೆಂಗಸರು. ಎಲ್ಲರೂ ಒಮ್ಮೆಗೇ ಮಾತಾಡುವ ಕೋಣೆಯಲ್ಲಿ ನನಗೆ ಯಾರ ತುಟಿ ನೋಡಬೇಕೋ ತಿಳಿಯಲಿಲ್ಲ. ನಗುನಗುತ್ತ ಕೂತೆ. ಪಕ್ಕದಲ್ಲೇ ಕೂತಿದ್ದ ಬೀಗತಿ, ಅಂದರೆ ಸವಿತಾಳ ಅತ್ತೆ, ಏನೋ ಕೇಳಿರಬೇಕು, ಎರಡು ಮೂರು ಸಲ. ನಾನು ಎದುರಿಗೆ ಆರತಿ ಮಾಡುತ್ತಿದ್ದವರನ್ನೇ ನೋಡುತ್ತಿದ್ದೆ. ಅವರು ನನ್ನ ಮೊಣಕೈ ಮುಟ್ಟಿದಾಗಲೇ ತಿರುಗಿದ್ದು. ಅವರ ಮುಖ ಬಿಗಿದಿತ್ತು.

"ನಮ್ಮ ಮಾತಿಗೆ ನಿಮ್ಮಲ್ಲಿ ಬೆಲಿ ಇಲ್ಲ ಕಾಣ್ತೈತ್ರಿ" ಅಂದರು. ಆಮೇಲೆ ಎಲ್ಲರ ಕಡೆ ತಿರುಗಿ, "ಬಾಣಂತನ ಇಲ್ಲೇ ಮಾಡೋಣಂತ ತಗೋರಿ. ಅವರ ಮನ್ಯಾಗ ಮಗ್ಗದ ಗದ್ದಲ, ಕೂಸಿಗೆ ನಿದ್ದಿ ಹತ್ತಂಗಿಲ್ಲ" ಅಂದರು. ಅದು ನನಗೆ ನೆಟ್ಟಗೆ ಕೇಳಿತು. ಸವಿತಾಳ ಮುಖ ನೋಡಿದೆ. ಅವಳು ಬಳೆಗಳನ್ನು ತಿರುಗಿಸುತ್ತ ತಲೆ ತಗ್ಗಿಸಿದ್ದಳು. ಬೇಡ ಎಂದು ಅವಳು ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದೆ.

ಮರುವಾರ ಕೂಸಿನ ತಲೆಗೆ ಹಾಕುವ ಕುಂಚಿಗೆಗೆ ಬಟ್ಟೆ ತರುತ್ತೇನೆಂದು ಹೇಳಿ ಒಬ್ಬಳೇ ಜಮಖಂಡಿಗೆ ಹೋದೆ. ಬನಹಟ್ಟಿಯ ಅಂಗಡಿಗಳಲ್ಲಿ ಕೆಮ್ಮಿನ ಔಷಧ ಕೊಂಡರೂ ಸಂಜೆಯೊಳಗೆ ಓಣಿಗೆ ಗೊತ್ತಾಗುತ್ತದೆ. ಬಸ್‌ಸ್ಟ್ಯಾಂಡಿನ ಎದುರಿನ ಔಷಧ ಅಂಗಡಿಯ ಗಾಜಿನ ಕೆಳಗೆ ಕಿವಿಯ ಮಷಿನ್ ಇಟ್ಟಿರುವುದನ್ನು ಒಮ್ಮೆ ನೋಡಿದ್ದೆ. ಡಾಕ್ಟರ ಚೀಟಿ ಬೇಡ, ತಪಾಸಣೆ ಬೇಡ, ಕೊಂಡುಕೊಂಡು ಹಾಕಿಕೊಳ್ಳುವುದೇ. ಬೆರಳು ತೋರಿಸಿ ನಿಂತೆ. ಅಂಗಡಿಯವನು ಡಬ್ಬಿ ಬಿಚ್ಚಿದ.

"ಯಾರಿಗ್ರಿ ಇದು?"

"ನಮ್ಮ ಅತ್ತಿಯವರಿಗೆ." ನನ್ನ ಅತ್ತೆ ತೀರಿ ಆರು ವರ್ಷವಾಗಿತ್ತು.

"ಅವರನ್ನ ಕರ್ಕೊಂಡ್ ಬರ್ರಿ. ರಬ್ಬರ್ ಬುಡ್ಡಿ ಮೂರ ನಮೂನಿ ಅದಾವು, ಕಿವಿ ನೋಡಿ ಹಾಕಬೇಕು."

"ಅವರಿಗೆ ಅಡ್ಡ್ಯಾಡಾಕ ಬರಂಗಿಲ್ಲ. ನನ್ನ ಕಿವ್ಯಾಗ ಹಾಕಿ ನೋಡ್ರಿ. ಇಬ್ಬರದೂ ಒಂದ ಅಳತಿ."

ಅತ್ತೆ ಸೊಸೆಯ ಕಿವಿ ಒಂದೇ ಅಳತೆ ಎಂಬ ಮಾತಿಗೆ ಅವನು ನಗಲಿಲ್ಲ. ನನ್ನಂಥವರನ್ನು ಬಹಳ ಜನರನ್ನು ಕಂಡಿರಬೇಕು. ಕಿವಿಯ ಹಿಂದೆ ಸಣ್ಣ ಬಾಳೆಕಾಯಿಯಂಥದೊಂದು, ಅದರ ನಳಿಗೆ, ತುದಿಗೆ ಬುಡ್ಡಿ. ಒಂದು ಗಾಲಿ ಇತ್ತು, ಒಂದರಿಂದ ನಾಲ್ಕರವರೆಗೆ ಅಂಕಿ. ಅವನು ಎರಡಕ್ಕೆ ತಿರುಗಿಸಿ, "ಕೇಳಾಕತ್ತೈತೇನ್ರಿ, ನಿಮ್ಮ ಅತ್ತಿಯವರಿಗೆ?" ಅಂದ. ಕೇಳಿತು. ಬಸ್ಸಿನ ಹಾರ್ನು ಕೇಳಿತು, ಯಾರದೋ ಚಪ್ಪಲಿ ಕೇಳಿತು, ಅವನ ಅಂಗಿಯ ಕಿಸೆಯಲ್ಲಿನ ಕಾಗದದ ಸರಬರ ಕೇಳಿತು. ಅಂಗಡಿಯ ಮುಂದೆಯೇ ಕಣ್ಣು ತುಂಬಿ ಬಂತು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಬಂದೆ. ಕುಂಚಿಗೆಯ ಬಟ್ಟೆ ತರುವುದನ್ನು ಮರೆತೆ.

ನಮ್ಮ ಕಡೆ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವುದು ಆಗ ನನಗೆ ಬಹಳ ಉಪಕಾರವಾಯಿತು. ಎರಡು ದಿನ ಸೆರಗಿನ ಕೆಳಗೆ ಮಷಿನ್ ಇಟ್ಟುಕೊಂಡು ಓಡಾಡಿದೆ. ನನ್ನ ಬಳೆ ಇಷ್ಟು ಸಪ್ಪಳ ಮಾಡುತ್ತದೆ ಎಂದು ಮರೆತಿದ್ದೆ. ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಉಸ್ ಅನ್ನುತ್ತದೆ. ಆ ಎರಡು ದಿನ ನಾನು ಹೆದರಲಿಲ್ಲ.

ಮೂರನೆಯ ದಿನ ತಪ್ಪು ಮಾಡಿದೆ. ಬನಹಟ್ಟಿಯವಳಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು. ನಮ್ಮೂರಲ್ಲಿ ಯಾವ ಸಾಮಾನು ತಂದರೂ ಮಗ್ಗದ ಮುಂದೆ ಪರೀಕ್ಷೆಯಾಗಬೇಕು. ರೇಡಿಯೋ ತಂದರೆ ಮಗ್ಗ ಓಡುವಾಗ ಕೇಳಬೇಕು. ಮೊಬೈಲ್ ತಂದರೆ ಅದರ ರಿಂಗು ಮಗ್ಗದ ಮುಂದೆ ಕೇಳಬೇಕು. ಇಲ್ಲದಿದ್ದರೆ ಅಂಗಡಿಗೆ ವಾಪಸು. ನಾನೂ ಮಷಿನ್ ಹಾಕಿಕೊಂಡು ಮಗ್ಗದ ನಡುವೆ ಹೋಗಿ ನಿಂತೆ. ಮಗ್ಗದ ಸದ್ದಿನಲ್ಲೂ ಈರಪ್ಪನ ಮಾತು ಕೇಳಿದರೆ, ಕೂಸಿನ ಅಳುವೂ ಕೇಳುತ್ತದೆ ಎಂದು ನನ್ನ ಲೆಕ್ಕ. ಈರಪ್ಪ ಆ ಕಡೆಯಿಂದ ಏನೋ ಅಂದ. ಕೇಳಲಿಲ್ಲ. ಗಾಲಿಯನ್ನು ಮೂರಕ್ಕೆ ತಿರುಗಿಸಿದೆ. ಕೇಳಲಿಲ್ಲ. ಸೆರಗಿನೊಳಗೆ ಕೈ ಹಾಕಿ ನಾಲ್ಕಕ್ಕೆ ತಿರುಗಿಸಿದೆ.

ತಲೆಯೊಳಗೆ ಮೊಳೆ ಹೊಡೆದಂತಾಯಿತು. ನಾಲ್ಕೂ ಮಗ್ಗಗಳ ಲಾಳಿ ನನ್ನ ಕಿವಿಯ ಒಳಗೇ ಬಡಿದವು. ನೆಲ ವಾಲಿತು. ಎಳೆ ಸುತ್ತಿದ ಹಾಸಿನ ಉರುಳೆಯನ್ನು ಹಿಡಿದು ಕೂತೆ. ಮಷಿನ್ ಕಿತ್ತು ಮುಷ್ಟಿಯಲ್ಲಿ ಹಿಡಿದು ಒಳಗೆ ಹೋಗಿ ಮಲಗಿದೆ. ಮಾಡಿದ್ದುಣ್ಣೋ ಮಹಾರಾಯ.

ಅಂದು ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳು ನಿಂತವು. ನನ್ನ ಕಿವಿಯಲ್ಲಿನ ಮಗ್ಗ ಮಾತ್ರ ನಿಲ್ಲಲಿಲ್ಲ. ಕೀ ಎಂದು ಒಂದು ಸಣ್ಣ ಸೀಟಿ, ಅದರ ಕೆಳಗೆ ಮಗ್ಗದ ಬಡಿತ. ದಿಂಬಿನಿಂದ ಕಿವಿ ಮುಚ್ಚಿದೆ, ಇನ್ನೂ ಹೆಚ್ಚಾಯಿತು. ಹತ್ತಿ ಇಟ್ಟೆ, ಎಣ್ಣೆ ಬಿಟ್ಟೆ, ದೇವರಿಗೆ ಹರಕೆ ಹೊತ್ತೆ. ಮೂರು ದಿನ ಅದು ನಿಲ್ಲಲಿಲ್ಲ. ಇದ್ದ ಚೂರುಪಾರು ಕಿವಿಯನ್ನೂ ನನ್ನ ಕೈಯಾರೆ ಕೊಂದುಕೊಂಡೆ ಎಂದು ನಾನು ನಂಬಿದೆ. ಮಷಿನನ್ನು ನೂಲಿನ ಕಸದ ಬುಟ್ಟಿಯ ತಳಕ್ಕೆ ತುರುಕಿದೆ.

ನಾಲ್ಕನೆಯ ದಿನ ಈರಪ್ಪ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತ. ಅಂಗೈಯಲ್ಲಿ ಮಷಿನ್ ಇತ್ತು.

"ಇದು ಯಾರದು?"

"ನಿಮ್ಮ ಅವ್ವಂದು" ಅಂದೆ. ಅಂಗಡಿಯ ಸುಳ್ಳು ಬಾಯಲ್ಲಿ ಹಾಗೇ ಉಳಿದಿತ್ತು. ಅವನು ನಕ್ಕುಬಿಟ್ಟ. ನಾನು ಅಳತೊಡಗಿದೆ. ಕುಬಸದ ದಿನದಿಂದ ಹಿಡಿದು ಶಿಬಿರದ ಹುಡುಗಿಯ ಗದ್ದದವರೆಗೂ ಎಲ್ಲ ಹೇಳಿದೆ.

"ನನಗ ಗೊತ್ತೈತಿ ಮಾದೇವಿ" ಅಂದ ಅವನು. "ಎರಡ ವರ್ಷ ಆತು, ಏನರ ಹೇಳೂದಿದ್ರ ಸುತ್ತ ಹಾಕಿ ನಿನ್ನ ಎದುರಿಗೆ ಬಂದ ಹೇಳಾಕತ್ತೀನಿ. ಆ ದಿನ ಸವಿತಾನ ಸುದ್ದಿ ಖುಷ್ಯಾಗ ಮರತೆ."

"ಮತ್ತ ಯಾಕ ಹೇಳಲಿಲ್ಲ?"

"ನೀ ಸಿಟ್ಟಿನಾಕಿ. ನನಗೂ ಅಂಜಿಕಿ ಇತ್ತು."

ಅವನಿಗೂ ಅಂಜಿಕೆ ಇತ್ತು ಎಂದು ಕೇಳಿ ನನಗೆ ಸ್ವಲ್ಪ ಉಸಿರು ಬಂತು. ಮಗ್ಗ ನಿಲ್ಲಿಸಿ ಮರುದಿನ ಬೆಳಿಗ್ಗೆ ಇಬ್ಬರೂ ಲೋಕಾಪುರದ ಮೇಲೆ ಬಾಗಲಕೋಟೆಗೆ ಬಸ್ ಹತ್ತಿದೆವು.

ಕಿವಿ ಡಾಕ್ಟರ ಬಾಗಿಲಲ್ಲಿ ಕಾಯುವವರ ಕಷ್ಟ ಯಾರಿಗೂ ಬೇಡ. ಹೆಸರು ಕೂಗುತ್ತಾರೆ, ಕೂಗಿದ್ದು ಕೇಳದವರೇ ಅಲ್ಲಿ ಕೂತಿರುತ್ತಾರೆ. ಇಪ್ಪತ್ತು ಮಂದಿಯೂ ಕಂಪೌಂಡರನ ಬಾಯಿಯನ್ನೇ ನೋಡುತ್ತಿದ್ದೆವು. ಅವನು ಆಕಳಿಸಿದರೂ ಇಬ್ಬರು ಎದ್ದು ನಿಲ್ಲುತ್ತಿದ್ದರು. ನನ್ನ ಪಕ್ಕದಲ್ಲಿ ಬೀಳಗಿ ಕಡೆಯ ಒಬ್ಬ ಹಿರಿಯರಿದ್ದರು. ಅವರ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಟ್ಟಿದ್ದಾರಂತೆ.

"ಹಳೇ ಊರಾಗ ಗ್ವಾಡಿಗೆ ಗ್ವಾಡಿ ಹತ್ತಿತ್ತವ್ವ, ಎಲ್ಲಾರೂ ಸಣ್ಣಗ ಮಾತಾಡ್ತಿದ್ರು, ನನಗ ತ್ರಾಸ ಆಗ್ತಿತ್ತು" ಅಂದರು. "ಹೊಸಾ ಊರಾಗ ಮನಿ ದೂರ ದೂರ. ಎಲ್ಲಾರೂ ಒದರತಾರ. ಹತ್ತ ವರ್ಷ ನನಗ ಏನೂ ಗೊತ್ತಾಗಲಿಲ್ಲ ನೋಡು."

ನಾಲ್ಕೈದು ದಿನಗಳಲ್ಲಿ ಮೊದಲ ಸಲ ನಾನು ನಕ್ಕೆ. ಅವರ ಹೆಸರು ಕರೆದಾಗ ಅವರಿಗೆ ಕೇಳಲಿಲ್ಲ. ನಾನೇ ಕಂಪೌಂಡರನ ತುಟಿ ಓದಿ ಎಬ್ಬಿಸಿ ಕಳಿಸಿದೆ.

ನನ್ನ ಸರದಿ ಬಂದಾಗ ಒಂದು ಸಣ್ಣ ಕೋಣೆಗೆ ಕಳಿಸಿದರು. ಗೋಡೆಗೆಲ್ಲ ಮೆತ್ತನೆಯ ಹೊದಿಕೆ. ನಡುವಯಸ್ಸಿನ ಹೆಂಗಸೊಬ್ಬರು ಗಾಜಿನ ಆಚೆ ಕೂತಿದ್ದರು. ನಾನು ಅವರ ಎದುರಿಗೆ ಕುರ್ಚಿಯಲ್ಲಿ ಕೂತೆ. ಅವರು ನನ್ನ ಚೀಟಿ ನೋಡಿ ಎದ್ದು ಒಳಗೆ ಬಂದರು.

"ಬನಹಟ್ಟಿಯವರೇನ್ರಿ? ಮಗ್ಗ ಐತೇನು?"

"ಐತ್ರಿ."

"ಹಂಗಾರ ಕುರ್ಚಿ ಗ್ವಾಡಿ ಕಡೆ ತಿರುವಿಕೊಳ್ರಿ. ನಿಮ್ಮೂರವರ ಕಣ್ಣು ನಮಗ ಗೊತ್ತದಾವು."

ಕುಂಡಿಯ ಕೆಳಗಿನ ನೆಲವೇ ಹೋದಂತಾಯಿತು. ಕುರ್ಚಿ ತಿರುಗಿಸಿ ಕೂತೆ. ಎದುರಿಗೆ ಬರೀ ಗೋಡೆ. ಗದ್ದವಿಲ್ಲ, ಹುಬ್ಬಿಲ್ಲ, ಕೈಯಿಲ್ಲ. ಬದುಕಿನಲ್ಲಿ ಮೊದಲ ಸಲ ನಾನು ಮತ್ತು ನನ್ನ ಕಿವಿ ಇಬ್ಬರೇ ಕೂತೆವು. ಒಳಗಿನ ಸೀಟಿ ಕೂಗುತ್ತಲೇ ಇತ್ತು. ಅದರ ಆಚೆ ಏನಾದರೂ ಬರುತ್ತಿದೆಯೇ ಎಂದು ಹುಡುಕಿದೆ. ಒಂದು ಬಂತು, ಬೆರಳು ಎತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಅವರು ಸಪ್ಪಳ ಬಿಡುತ್ತಿದ್ದಾರೆ, ನನಗೆ ಕೇಳುತ್ತಿಲ್ಲ, ಅಷ್ಟೇ ಎಂದು ತಿಳಿದು ಕಣ್ಣಲ್ಲಿ ನೀರು ಇಳಿಯಿತು. ಬೆರಳನ್ನು ಮಾತ್ರ ಸುಳ್ಳಿಗೆ ಎತ್ತಲಿಲ್ಲ.

ಡಾಕ್ಟರು ನನ್ನ ಎದುರಿಗೆ ಬಾಗಿ ನಿಧಾನವಾಗಿ ಹೇಳಿದರು. ಎರಡೂ ಕಿವಿ ಸ್ವಲ್ಪ ಮಂದ, ಬಹಳ ಏನಿಲ್ಲ. ತೆಳ್ಳಗಿನ ಸದ್ದು ಹೋಗಿದೆ, ದಪ್ಪ ಸದ್ದು ಉಳಿದಿದೆ. ಮಗ್ಗ ತಿಂದದ್ದು, ಹೋದದ್ದು ವಾಪಸು ಬರುವುದಿಲ್ಲ. ಸೀಟಿ ದಿನ ಹೋದಂತೆ ಕಡಿಮೆಯಾಗುತ್ತದೆ.

"ಕಿವಿ ಪೂರಾ ಹೋಗ್ತಾವೇನ್ರಿ?" ಎಂದು ಕೇಳಿದೆ. ಅದನ್ನು ಕೇಳಲು ನಾಲ್ಕು ತಿಂಗಳು ಬೇಕಾಯಿತು.

"ಮಗ್ಗದ ಮುಂದ ಕಿವಿ ಮುಚ್ಚಿಕೊಂಡ್ರ ಈಗಿದ್ದದ್ದು ಉಳೀತೈತಿ. ಹಂಗ ನಿಂತ್ರ ನಾ ಏನೂ ಹೇಳಂಗಿಲ್ಲ."

ಪರೀಕ್ಷೆ ಮಾಡಿದ ಆ ಹೆಂಗಸು ನನ್ನ ಮಷಿನ್ ಈಸಿಕೊಂಡು ತಿರುಗಿಸಿ ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ನಿಮ್ಮಷ್ಟು ಮಂದಕ್ಕೆ ಸದ್ಯಕ್ಕೆ ಇದೂ ನಡೆಯುತ್ತದೆ, ಆದರೆ ತೋರಿಸದೆ ಕೊಳ್ಳಬಾರದಿತ್ತು, ಮಗ್ಗದ ಹತ್ತಿರ ಒಯ್ಯಲೇಬಾರದು ಅಂದರು. ಬ್ಯಾಗಿನಿಂದ ಉಗುರುಬಣ್ಣ ತೆಗೆದು ಗಾಲಿಯ ಮೇಲೆ ಎರಡರ ಹತ್ತಿರ ಒಂದು ಕೆಂಪು ಚುಕ್ಕೆ ಇಟ್ಟರು. "ಇದನ್ನ ದಾಟಬಾರ್ದು" ಅಂದರು. ಆ ಉಗುರುಬಣ್ಣ ಈಗಲೂ ಇದೆ.

ಮುಧೋಳಕ್ಕೆ ಹೋಗುವ ಧೈರ್ಯ ಬರಲು ಇನ್ನೂ ಎರಡು ವಾರ ಹಿಡಿಯಿತು. ಬೀಗತಿಯ ಎದುರಿಗೆ ಕೂತು ಸೆರಗು ಹಿಂದಕ್ಕೆ ಸರಿಸಿ ಕಿವಿ ತೋರಿಸಿದೆ. "ನನಗ ಸ್ವಲ್ಪ ಕೇಳಂಗಿಲ್ರಿ. ಕುಬಸದ ದಿನ ನಿಮ್ಮ ಮಾತ ಕೇಳಿರಲಿಲ್ಲ. ಬಾಣಂತನ ನಂದು, ನನಗ ಬಿಡ್ರಿ" ಅಂದೆ.

"ಮೊದಲ ಹೇಳಬಾರದೇನ್ರಿ? ನಾ ಅವತ್ತಿನಿಂದ ನೀವು ಸೊಕ್ಕಿನವರು ಅಂತ ಮಂದಿ ಮುಂದ ಆಡಿಕೊಂಡೇನಿ. ಈಗ ಎಲ್ಲಾರಿಗೂ ಹೋಗಿ ತಿದ್ದಿ ಹೇಳಬೇಕು" ಎಂದು ನನ್ನನ್ನೇ ಬೈದರು. ಎಂಟನೇ ತಿಂಗಳಲ್ಲಿ ಸವಿತಾಳನ್ನು ತಾವೇ ಕರೆತಂದು ಬಿಟ್ಟರು.

ಜಮಖಂಡಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು. ಅದರ ಮೊದಲ ಅಳು ಬಾಗಿಲ ಹೊರಗೆ ನಿಂತ ನನಗೆ ಕೇಳಿತು. ಅಳು ಗಟ್ಟಿಯಾಗಿತ್ತು, ನನ್ನ ಕಿವಿಯ ಹೆಚ್ಚುಗಾರಿಕೆ ಏನಿಲ್ಲ, ಆದರೂ ಈರಪ್ಪನಿಗೆ ನಾನೇ ಮೊದಲು ಹೇಳಿದೆ.

ಮನೆಗೆ ಬಂದ ಮೇಲೆ ಹಿಂದಿನ ಕೋಣೆಯಲ್ಲಿ ತೊಟ್ಟಿಲು ಕಟ್ಟಿದೆವು. ಈರಪ್ಪ ಮಧ್ಯಾಹ್ನದ ಹೊತ್ತು ಮಗ್ಗ ನಿಲ್ಲಿಸುತ್ತಿದ್ದ. ಮೊದಲನೆಯ ಮಧ್ಯಾಹ್ನ ಸವಿತಾಗೆ ಮಲಗು, ನಾನಿದ್ದೇನೆ ಎಂದು ಹೇಳಿ ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಇಣುಕಿದೆ. ಅವಳು ನಿದ್ದೆ ಹೋಗಿದ್ದಳು. ನಿದ್ದೆಯಲ್ಲಿ ಹೊದಿಕೆಯಿಂದ ಹೊರಗೆ ಜಾರಿದ ಅವಳ ಎಡಗಾಲು ಕಾಣುತ್ತಿತ್ತು. ಕಾಲ್ಬೆರಳಿಗೆ ದಾರ ಸುತ್ತಿತ್ತು. ದಾರದ ಇನ್ನೊಂದು ತುದಿ ತೊಟ್ಟಿಲಿಗೆ ಕಟ್ಟಿತ್ತು.

ಮಗ್ಗ ಓಡುತ್ತಿರಲಿಲ್ಲ. ದಾರ ಬೇಕಾದ ಗದ್ದಲವೇ ಇರಲಿಲ್ಲ. ಎರಡು ಹೆಜ್ಜೆ ಆಚೆ ನಾನಿದ್ದೆ. ನನ್ನ ಮಗಳು ನನಗೆ ಏನೂ ಅನ್ನದೆ, ನಾನು ನೋಡಬಾರದೆಂದು ಹೊದಿಕೆಯ ಕೆಳಗೆ ದಾರ ಕಟ್ಟಿಕೊಂಡಿದ್ದಳು. ಕಾಶವ್ವತ್ತೆ ಕೈಯನ್ನು ಮಡಿಲಿಗೆ ಎಳೆದುಕೊಂಡಂತೆ ನಾನೂ ಬಾಗಿಲಿನಿಂದ ಹಿಂದೆ ಸರಿದೆ. ಅವಳನ್ನು ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು? ಹದಿನೈದು ದಿನವೂ ಮಧ್ಯಾಹ್ನ ಆ ದಾರ ಕಂಡೆ, ಹದಿನೈದು ದಿನವೂ ಕಾಣದವಳಂತೆ ಇದ್ದೆ.

ಆ ದಿನಗಳಲ್ಲೇ ಓಣಿಯ ಹೆಂಗಸರು ಒಬ್ಬೊಬ್ಬರೇ ಬಾಣಂತಿಯನ್ನು ನೋಡುವ ನೆಪದಲ್ಲಿ ಬಂದು, ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು, "ಮಷಿನ್ ಎಲ್ಲಿ ತಂದಿ?" ಎಂದು ತುಟಿಯಲ್ಲೇ ಕೇಳತೊಡಗಿದರು. ಮೊದಲು ತೋರಿಸಿಕೊಂಡು ಬಾ, ಕುರ್ಚಿ ಗೋಡೆ ಕಡೆ ತಿರುಗಿಸಿಕೋ ಎಂದು ಹೇಳಿ ಕಳಿಸಿದೆ. ಈಗ ಇದನ್ನು ಬರೆಯುತ್ತಿರುವುದೂ ಅದಕ್ಕೇ. ನಾನು ಅಂಜಿದಷ್ಟು ಒಬ್ಬಳೇ ಕೂತು ಯಾರೂ ಅಂಜಬಾರದು.

ಹದಿನಾರನೆಯ ದಿನವೋ ಹದಿನೇಳನೆಯ ದಿನವೋ. ಮಧ್ಯಾಹ್ನ, ಮಗ್ಗ ನಿಂತಿದ್ದವು. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತು ಸಬ್ಬಸಿಗೆ ಸೊಪ್ಪು ಸೋಸುತ್ತಿದ್ದೆ. ಮಷಿನಿನ ಗಾಲಿ ಕೆಂಪು ಚುಕ್ಕೆಯ ಮೇಲಿತ್ತು. ಏನೋ ಸಣ್ಣದು ಕೇಳಿತು. ಅಳುವಲ್ಲ. ಹಿಕ್ ಎಂದು ಒಂದು, ತಡೆದು ಇನ್ನೊಂದು. ಕಿವಿಯೊಳಗಿನ ಸೀಟಿಯ ಆಟವೇನೋ ಎಂದು ಸೊಪ್ಪು ಕೆಳಗಿಟ್ಟು ಉಸಿರು ಹಿಡಿದೆ. ಮತ್ತೆ ಬಂತು. ಎದ್ದು ಹೋದೆ.

ಕೂಸು ಕಣ್ಣು ಬಿಟ್ಟುಕೊಂಡು ಬಿಕ್ಕಳಿಸುತ್ತಿತ್ತು. ಅಳುತ್ತಿರಲಿಲ್ಲ, ಮಿಸುಕುತ್ತಲೂ ಇರಲಿಲ್ಲ. ತೊಟ್ಟಿಲು ಅಲುಗಿರಲಿಲ್ಲ, ದಾರ ಸಡಿಲವಾಗಿ ನೇತಾಡುತ್ತಿತ್ತು. ಸವಿತಾ ಮಲಗಿಯೇ ಇದ್ದಳು. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದೆ. ಎತ್ತಿದ್ದಕ್ಕೆ ದಾರ ಜಗ್ಗಿತು, ಸವಿತಾ ಗಡಬಡಿಸಿ ಎದ್ದಳು.

"ಏನಾತ ಯವ್ವಾ? ಕೂಸು ಅತ್ತಿಲ್ಲಲ್ಲ?"

"ಅತ್ತಿಲ್ಲ. ಬಿಕ್ಕಳಿಕಿ ಬಂದಾವು."

ಅವಳು ಅಡುಗೆಮನೆಯ ಕಡೆ ನೋಡಿದಳು, ಅಲ್ಲಿ ನೆಲದ ಮೇಲೆ ಬಿಟ್ಟುಬಂದ ಸೊಪ್ಪು ನೋಡಿದಳು, ನನ್ನನ್ನು ನೋಡಿದಳು. "ಬಿಕ್ಕಳಿಕಿ ಅಲ್ಲಿತನಾ ಕೇಳಿಸ್ತೇನು ನಿನಗ?"

"ಹೂಂ" ಅಂದೆ. ಈ ಸಲದ ಹೂಂ ಖರೆ ಇತ್ತು.

ಆಗ ಅವಳಿಗೆ ತನ್ನ ಕಾಲು ಹೊದಿಕೆಯ ಹೊರಗೆ ಇರುವುದು ನೆನಪಾಯಿತು. ಮುಚ್ಚಿಕೊಳ್ಳಲು ಹೋಗಿ ಕೈ ನಿಲ್ಲಿಸಿದಳು. ಮುಖ ಸಣ್ಣದಾಯಿತು. "ಅಂಜಿಕಿ ಆಗಿತ್ತ ಯವ್ವಾ" ಅಂದಳು.

"ನನಗೂ ಆಗಿತ್ತು. ಈಗೂ ಐತಿ."

ಅವಳು ಬಗ್ಗಿ ಕಾಲ್ಬೆರಳಿನ ಗಂಟು ಬಿಚ್ಚಿದಳು. ಬಿಗಿಯಾಗಿ ಕಟ್ಟಿದ್ದಳು, ಬಿಚ್ಚಲು ಹೊತ್ತು ಹಿಡಿಯಿತು, ಬೆರಳಿನ ಸುತ್ತ ಕೆಂಪು ಗೆರೆ ಬಿದ್ದಿತ್ತು. ದಾರವನ್ನು ಸುತ್ತಿ ದಿಂಬಿನ ಕೆಳಗೆ ಇಟ್ಟಳು. ಆಮೇಲೆ ಗೋಡೆಯ ಕಡೆ ಮಗ್ಗುಲಾಗಿ, ನನ್ನ ಕಡೆ ಬೆನ್ನು ಮಾಡಿ ಮಲಗಿದಳು. ಕೂಸು ನನ್ನ ಹೆಗಲ ಮೇಲಿತ್ತು. ಸ್ವಲ್ಪ ಹೊತ್ತಿಗೆ ಅವಳ ಉಸಿರು ನಿದ್ದೆಯ ಉಸಿರಾಯಿತು. ಅದೂ ನನಗೆ ಕೇಳಿತು.